ಆನೆ ಚರ್ಮ ಹದ ಮಾಡಿದವರು

ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಸುದ್ದಿ ಬಂತು: 'ನಮ್ಮೆಲ್ಲರ ಪ್ರೀತಿಯ ಪೂಜೆ ಅಂಕಲ್, ಹಿರಿಯ ಕೆಮಿಕಲ್ ಇಂಜಿನಿಯರ್, ಇನ್ನಿಲ್ಲ.' ಅದರ ಕೆಳಗೆ ಕೈಮುಗಿದ ಚಿತ್ರಗಳ ಮೆರವಣಿಗೆ. ಸಿಂಗಪುರದ ತಂಜಾಂಗ್ ಪಗಾರ್‌ನ ನನ್ನ ಆಫೀಸಿಗೆ ಹೋಗುವ ಎಂಆರ್‌ಟಿ ರೈಲಿನಲ್ಲಿ ನಿಂತುಕೊಂಡೇ ಅದನ್ನು ಓದಿದೆ. ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಅವರು ಕೆಮಿಕಲ್ ಇಂಜಿನಿಯರ್ ಆಗಿರಲಿಲ್ಲ, ಅದು ಆ ಗುಂಪಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗೊತ್ತಾದ ದಿನದಿಂದ ಅವರನ್ನು ಗಣಪತಿ ಪೂಜೆಯಿಂದ ದೂರವಿಟ್ಟವರೂ ಇವರೇ. ಸತ್ತ ಕೂಡಲೇ ಮತ್ತೆ ಇಂಜಿನಿಯರ್ ಮಾಡಿದರು, ಮತ್ತೆ ಪೂಜೆ ಅಂಕಲ್ ಮಾಡಿದರು. ಹೆಣಕ್ಕೆ ಶೃಂಗಾರ ಮಾಡುವುದೆಂದರೆ ಇದೇ ಇರಬೇಕು.

ಅವರು ಚರ್ಮ ಹದ ಮಾಡುವವರಾಗಿದ್ದರು. ಮೊಸಳೆ, ಹೆಬ್ಬಾವು, ಉಡ, ಕೊನೆಗೆ ಒಂದು ಆನೆ. ಆ ಕೆಲಸವನ್ನು ಅವರಷ್ಟು ಪ್ರೀತಿಯಿಂದ, ಅವರಷ್ಟು ಗುಟ್ಟಾಗಿ ಮಾಡಿದವರನ್ನು ನಾನು ಬೇರೆ ಕಂಡಿಲ್ಲ.

ಕುಳ್ಳಗಿನ, ತೆಳ್ಳಗಿನ ಮನುಷ್ಯ. ಎಲ್ಲರ ನಡುವೆ ನಿಂತರೆ ಕಣ್ಣಿಗೆ ಬೀಳುತ್ತಿರಲಿಲ್ಲ. ಮಣೆಯ ಮೇಲೆ ಕೂತರೆ ಮಾತ್ರ ಬೇರೆಯವರಾಗಿಬಿಡುತ್ತಿದ್ದರು. ನಮ್ಮ ಗಣೇಶನ ಹಬ್ಬ ನಡೆಯುತ್ತಿದ್ದದ್ದು ಒಂದು ಕಾಂಡೋ ಅಪಾರ್ಟ್‌ಮೆಂಟಿನ ಫಂಕ್ಷನ್ ರೂಮಿನಲ್ಲಿ. ಪಕ್ಕದಲ್ಲಿ ಈಜುಕೊಳ, ಅದರಾಚೆ ಬಾರ್ಬೆಕ್ಯೂ ಒಲೆಗಳು, ಯಾರದೋ ಮಾಂಸ ಸುಡುವ ವಾಸನೆ. ಅದರ ನಡುವೆ ಅವರು ಬೆನ್ನು ನೆಟ್ಟಗೆ ಮಾಡಿ ಕೂತು ಸಂಕಲ್ಪ ಹೇಳಲು ಶುರು ಮಾಡಿದರೆ ಮೊಬೈಲ್ ಹಿಡಿದ ಹುಡುಗರು ಕೂಡ ಒಂದು ಗಳಿಗೆ ತಲೆಯೆತ್ತುತ್ತಿದ್ದರು. ಅವರದು ದೊಡ್ಡ ದನಿಯಲ್ಲ. ಆದರೆ ಒಂದಕ್ಷರವೂ ಅವಸರದಲ್ಲಿ ಬೀಳುತ್ತಿರಲಿಲ್ಲ. 'ಅಂಕಲ್ ಮಾಡಿದ್ರೆ ಗಣಪತಿ ರಿಯಲಿ ಬಂದ ಹಾಗೆ ಇರುತ್ತೆ' ಎಂದು ಹೆಂಗಸರು ಹೇಳುತ್ತಿದ್ದರು. ಮಕ್ಕಳು ಅವರಿಗೆ ಇಟ್ಟ ಹೆಸರೇ ಪೂಜೆ ಅಂಕಲ್. ಅವರ ಹೆಂಡತಿ ಕಡುಬು ಮಾಡಿ ದೊಡ್ಡ ಡಬ್ಬಿಯಲ್ಲಿ ತರುತ್ತಿದ್ದರು, ಅದು ಎಂದೂ ಉಳಿದದ್ದಿಲ್ಲ. ಅವರಿಬ್ಬರಿಗೆ ಮಕ್ಕಳಿರಲಿಲ್ಲ.

ನಂಜನಗೂಡಿನ ಹತ್ತಿರದ ಒಂದು ಸಣ್ಣ ಈಶ್ವರನ ಗುಡಿಯ ಅರ್ಚಕರ ಮನೆ ಅವರದು. ಓದಿನಲ್ಲಿ ಮುಂದಿದ್ದರೂ ಬೇರೆಲ್ಲೂ ಸೀಟು ಸಿಗದೆ ಮದರಾಸಿನಲ್ಲಿ ಚರ್ಮದ ತಂತ್ರಜ್ಞಾನಕ್ಕೆ ಸೇರಿದರು. ಮೊದಲ ರಜೆಯಲ್ಲಿ ಊರಿಗೆ ಹೋದಾಗ ತಂದೆ ಬೈಯಲಿಲ್ಲ, ಹೊಡೆಯಲಿಲ್ಲ. 'ಊಟಕ್ಕೆ ಬಾ, ಗರ್ಭಗುಡಿಗೆ ಬರಬೇಡ' ಎಂದರಂತೆ, ಅಷ್ಟೆ. ಬಾಲ್ಯದಲ್ಲಿ ಕಲಿತ ಮಂತ್ರವೆಲ್ಲ ಬಾಯಲ್ಲಿತ್ತು, ಹೇಳುವುದಕ್ಕೆ ದೇವರಿರಲಿಲ್ಲ. ತಂದೆ ತೀರಿಕೊಂಡ ಮೇಲೂ ಅಣ್ಣತಮ್ಮಂದಿರು ಆ ಮಾತನ್ನೇ ಉಳಿಸಿಕೊಂಡರು. ಸಿಂಗಪುರಕ್ಕೆ ಬಂದ ಮೇಲೆ, ಯಾರೋ ಭಟ್ಟರು ಕೈಕೊಟ್ಟ ಒಂದು ವರ್ಷ, 'ನನಗೆ ಸ್ವಲ್ಪ ಬರುತ್ತೆ' ಎಂದು ಸಂಕೋಚದಿಂದ ಮುಂದೆ ಬಂದವರು ಆಮೇಲೆ ಪ್ರತಿವರ್ಷ ಆ ಮಣೆಯ ಮೇಲೆ ಕೂತರು. ಆ ಮಣೆ ನಮಗೆ ಹಬ್ಬದ ಒಂದು ಸಾಮಾನು. ಅವರಿಗೆ ಅದು ತಂದೆ ಮುಚ್ಚಿದ ಬಾಗಿಲು ತೆರೆದಂತೆ.

'ಈ ಗಣಪತಿ ನೀನು ಏನು ಓದಿದ್ದು ಅಂತ ಕೇಳ್ಲಿಲ್ಲ ನೋಡು' ಎಂದು ಒಮ್ಮೆ ನನ್ನೊಡನೆ ನಕ್ಕಿದ್ದರು. ಗಣಪತಿ ಕೇಳಿರಲಿಲ್ಲ ನಿಜ. ನಮ್ಮವರು ಕೇಳಿದ್ದರು. ಸಿಂಗಪುರದ ಕನ್ನಡಿಗರಲ್ಲಿ ಹೆಸರು, ಊರು ಆದ ಮೇಲಿನ ಪ್ರಶ್ನೆ 'ಯಾವ ಲೈನು?' ಎಂಬುದು. ಸಾಫ್ಟ್‌ವೇರ್ ಎಂದರೆ 'ಯಾವ ಬ್ಯಾಂಕಲ್ಲಿ?' ಎನ್ನುತ್ತಾರೆ. ಕೆಮಿಕಲ್ ಎಂದರೆ ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ.

'ಕೆಮಿಕಲ್ಸಲ್ಲಿ ಇದ್ದೀನಿ.'

'ಓ, ಜುರಾಂಗ್ ಐಲ್ಯಾಂಡಾ ಸರ್?'

'ಹ್ಞೂಂ, ಆ ಕಡೇನೆ.'

ಅವರ ಕಾರ್ಖಾನೆ ಇದ್ದದ್ದು ಉತ್ತರದ ತುದಿಯಲ್ಲಿ, ಕೆಮಿಕಲ್ ಕಾರ್ಖಾನೆಗಳೇ ತುಂಬಿದ ಜುರಾಂಗ್ ಐಲ್ಯಾಂಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಒಮ್ಮೆ ಹೇಳಿದ ಮೇಲೆ ಯಾರೂ ಮತ್ತೆ ಕೇಳಲಿಲ್ಲ. ನಮ್ಮಲ್ಲಿ ಒಬ್ಬರ ಸಂಬಳ ಅಂದಾಜಿಗೆ ಸಿಕ್ಕರೆ ಸಾಕು, ಕೆಲಸ ಯಾವುದಾದರೇನು.

ನನಗೆ ತಿಳಿದದ್ದು ನನ್ನ ಕೆಲಸದ ದೆಸೆಯಿಂದ. ನಾನು ಸರಕು ಸಾಗಣೆಯ ಒಂದು ಕಂಪನಿಯಲ್ಲಿದ್ದೇನೆ. ಹೊರದೇಶದಿಂದ ಬರುವ ಚರ್ಮಗಳಿಗೆ ಪರವಾನಗಿ ಮಾಡಿಸಿ ಕಾರ್ಖಾನೆಗಳಿಗೆ ಮುಟ್ಟಿಸುವುದು ನಮ್ಮ ವ್ಯವಹಾರಗಳಲ್ಲಿ ಒಂದು. ಮೊದಲ ಸಲ ಆ ಕಾರ್ಖಾನೆಗೆ ಹೋದಾಗ ಬಾಗಿಲಲ್ಲೇ ವಾಸನೆಗೆ ತಲೆ ತಿರುಗಿತು. ಒಳಗೆ ಗಮ್‌ಬೂಟು ಹಾಕಿ, ರಬ್ಬರ್ ಏಪ್ರನ್ ಕಟ್ಟಿ, ಒದ್ದೆ ಮೊಸಳೆ ಚರ್ಮವೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದವರು ಪೂಜೆ ಅಂಕಲ್.

ಗಾಬರಿಯಾದದ್ದು ನಾನೇ. ಅವರು ಚರ್ಮ ಕೆಳಗಿಟ್ಟು, ಕೈ ತೊಳೆದುಕೊಂಡು ಬಂದರು.

'ಬನ್ನಿಮ್ಮ. ಮೂಗು ಮುಚ್ಕೊಳ್ಳಿ, ನಂಗೇನೂ ಬೇಜಾರಿಲ್ಲ. ಎಲ್ಲರೂ ಮುಚ್ಕೋತಾರೆ.'

ನಾನು ಮುಚ್ಚಿಕೊಳ್ಳಲಿಲ್ಲ. ಹುಬ್ಬಳ್ಳಿಯವಳು, ಹಟ ಜಾಸ್ತಿ. ಆವತ್ತು ಹತ್ತಿರದ ಹಾಕರ್ ಸೆಂಟರಿನಲ್ಲಿ ಇಬ್ಬರೂ ಕಾಫಿ ಕುಡಿದೆವು. ಯಾರಿಗೂ ಹೇಳಬೇಡ ಎಂದು ಅವರು ಕೇಳಲಿಲ್ಲ. ನಾನೇ ಕೇಳಿದೆ, ಯಾಕೆ ಮುಚ್ಚಿಡುತ್ತೀರಿ ಸರ್ ಎಂದು. 'ಹೇಳಿದ್ರೆ ಮಣೆ ಹೋಗುತ್ತೆ ಕಣಮ್ಮ' ಎಂದರು. ಅಲ್ಲಿಂದ ನಾನು ಅವರಿಗೆ 'ನೀವು' ಅಲ್ಲ, 'ನೀನು' ಆದೆ.

ಆಮೇಲೆ ಅವರ ಇನ್ನೊಂದು ಮುಖ ಕಂಡಿತು. ಜೊತೆಗೆ ಎಲ್ಲಿಗೆ ಹೋದರೂ ಅವರ ಕಣ್ಣು ಜನರ ಬೆಲ್ಟು, ಚಪ್ಪಲಿ, ಚೀಲಗಳ ಮೇಲೆ. ಹಬ್ಬದಲ್ಲಿ ಮಡಿ ಮಡಿ ಎಂದು ಎಲ್ಲರನ್ನೂ ದೂರ ಸರಿಸುತ್ತಿದ್ದ ಒಬ್ಬ ಹಿರಿಯ ಹೆಂಗಸಿನ ಕೈಚೀಲ ತೋರಿಸಿ, 'ಹಂದಿ ಚರ್ಮ' ಎಂದು ಕಿವಿಯಲ್ಲಿ ಹೇಳಿ ಏನೂ ಆಗದವರಂತೆ ಗಂಧ ತೇಯಲು ಕೂತಿದ್ದರು. ನನಗೆ ನಗು ತಡೆಯಲಾಗದೆ ಈಜುಕೊಳದ ಕಡೆ ಓಡಬೇಕಾಯಿತು. ಪೂಜೆಗೆ ಮುಂಚೆ ಅವರು ಕೈಯನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರು, ಉಗುರಿನ ಸಂದಿಗೆ ಸೇರಿದ ಹದದ ರಸಾಯನದ ನೀಲಿ ಬಣ್ಣ ಹೋಗಲಿ ಎಂದು. ಅದು ಪೂರ್ತಿ ಹೋಗುತ್ತಿರಲಿಲ್ಲ.

ಇನ್ನು ಆನೆಯ ವಿಷಯ.

ನಮ್ಮ ಗಣೇಶ ಸಮಿತಿಯ ಅಧ್ಯಕ್ಷರು ರಾಫೆಲ್ಸ್ ಪ್ಲೇಸಿನ ಒಂದು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯವರು. ಹಬ್ಬ ನಡೆಯುತ್ತಿದ್ದದ್ದು ಅವರ ಕಾಂಡೋದಲ್ಲೇ, ಪ್ರತಿವರ್ಷ ಪಂಚೆ ಉಟ್ಟು ಯಜಮಾನರಾಗಿ ಕೂರುತ್ತಿದ್ದವರೂ ಅವರೇ. ಒಂದು ವರ್ಷ ಆಫೀಸಿನ ಗೆಳೆಯರ ಜೊತೆ ಆಫ್ರಿಕಾಕ್ಕೆ ಬೇಟೆಗೆ ಹೋದರು. ಅಲ್ಲಿ ಕೆಲವು ದೇಶಗಳಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟು ಆನೆ ಹೊಡೆಯಲು ಬಿಡುತ್ತದೆ. ಬಂದ ಮೇಲೆ ನಮ್ಮನ್ನೆಲ್ಲ ಊಟಕ್ಕೆ ಕರೆದು ಕತೆ ಹೇಳಿದರು. ಭಾರೀ ಸಲಗವಂತೆ. ದಂತ ನೆಲ ಮುಟ್ಟುತ್ತಿತ್ತಂತೆ. ಪೊದೆ ಮುರಿದುಕೊಂಡು ನುಗ್ಗಿ ಬಂತಂತೆ.

'ಇನ್ನೊಂದು ಸೆಕೆಂಡ್ ಲೇಟ್ ಆಗಿದ್ರೆ ನಾನಿಲ್ಲಿ ಇರ್ತಿರ್ಲಿಲ್ಲ' ಎಂದರು.

'ಅಯ್ಯೋ ಪಾಪ' ಎಂದರು ಒಬ್ಬರು ಆಂಟಿ. ಪಾಪ ಯಾರಿಗೆ ಎಂಬುದು ನನಗೆ ತಿಳಿಯಲಿಲ್ಲ.

'ಅಲ್ಲಿ ಆನೆ ತುಂಬಾ ಜಾಸ್ತಿ ಆಗಿದ್ಯಂತೆ, ಇದು ಒಂಥರಾ ಕನ್ಸರ್ವೇಶನ್ನೇ' ಎಂದು ಇನ್ನೊಬ್ಬ ವಿವರಿಸಿದ.

ದಂತ ಎಲ್ಲಿ ಎಂದು ಯಾರೋ ಕೇಳಿದಾಗ ಅದನ್ನು ತರಲು ಪರ್ಮಿಷನ್ ಸಿಗಲಿಲ್ಲ, ಚರ್ಮ ಬರುತ್ತಿದೆ ಎಂದರು. ಸೋಫಾಕ್ಕೆ ಹೊದಿಸುತ್ತಾರಂತೆ, ಸ್ಟಡಿ ರೂಮಿನ ಗೋಡೆಗೆ ಹಾಕಿಸುತ್ತಾರಂತೆ. 'ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ' ಎಂದು ಒಬ್ಬ ಗಾದೆ ಹೇಳಿ ತಾನೇ ನಕ್ಕ. ಪೂಜೆ ಅಂಕಲ್ ಮೂಲೆಯಲ್ಲಿ ಮೊಸರನ್ನ ಕಲಸುತ್ತಿದ್ದರು. ಗಣಪತಿ ಕೂರಿಸುವವರು ಆನೆ ಹೊಡೆದದ್ದು ಎಲ್ಲೋ ಚುಚ್ಚುತ್ತಿತ್ತೆಂದು ಕಾಣುತ್ತದೆ, ಅಧ್ಯಕ್ಷರು ಮರುವಾರ ಮನೆಯಲ್ಲಿ ಗಣಹೋಮ ಇಟ್ಟುಕೊಂಡರು. ಮಾಡಿಸಿದವರು ಪೂಜೆ ಅಂಕಲ್ಲೇ. ಸ್ಮೋಕ್ ಅಲಾರ್ಮ್ ಕೂಗಬಾರದೆಂದು ಬಾಲ್ಕನಿಯಲ್ಲಿ ಸಣ್ಣ ಬೆಂಕಿ. ಎಲ್ಲರಿಗೂ ಸಮಾಧಾನವಾಯಿತು.

ಚರ್ಮ ತರಿಸುವ ಕೆಲಸವನ್ನು ಅಧ್ಯಕ್ಷರು ನನಗೇ ಒಪ್ಪಿಸಿದ್ದರು. ಹಸಿ ಚರ್ಮಕ್ಕೆ ಉಪ್ಪು ಹಾಕಿ ಕಳಿಸುತ್ತಾರೆ, ಇಲ್ಲೇ ಹದ ಮಾಡಿಸಿ ಮನೆಗೆ ಮುಟ್ಟಿಸಿ ಎಂದರು. ಆನೆ ಚರ್ಮ ಮುಟ್ಟಬಲ್ಲ ಕಾರ್ಖಾನೆ ನನಗೆ ಗೊತ್ತಿದ್ದದ್ದು ಒಂದೇ. ಮೊದಲು ಪೂಜೆ ಅಂಕಲ್‌ಗೆ ಫೋನ್ ಮಾಡಿದೆ. ಬೇಡ ಎಂದರೆ ಬೇರೆ ದೇಶಕ್ಕೆ ಕಳಿಸಿಬಿಡುತ್ತೇನೆ ಸರ್ ಎಂದೆ. ಅವರು 'ಮಾಲು ನೋಡಿ ಹೇಳ್ತೀನಿ' ಎಂದರು.

ಪೆಟ್ಟಿಗೆ ತೆರೆದ ದಿನ ನಾನಿದ್ದೆ. ಚರ್ಮ ಒಂದೇ ತುಂಡಾಗಿ ಬಂದಿರಲಿಲ್ಲ. ಬೆನ್ನು, ಪಕ್ಕೆ, ಕಿವಿ, ಎದೆ ಎಂದು ಬೇರೆ ಬೇರೆ ಕೊಯ್ದು ಮಡಚಿದ್ದರು. ನಮ್ಮ ಕಡೆಯ ಖಡಕ್ ರೊಟ್ಟಿಯ ಹಾಗೆ ಒಣಗಿ ಸೆಟೆದುಕೊಂಡಿತ್ತು. ಒಂದೊಂದು ತುಂಡನ್ನೂ ಫೋರ್ಕ್‌ಲಿಫ್ಟ್‌ನಲ್ಲೇ ಇಳಿಸಬೇಕಾಯಿತು. ಕಾರ್ಖಾನೆಯ ಮಾಲೀಕ ವಯಸ್ಸಾದ ಒಬ್ಬ ಚೀನೀಯ, ಯಜಮಾನ ಎಂಬರ್ಥದಲ್ಲಿ ಎಲ್ಲರೂ ಟೌಕೆ ಎಂದು ಕರೆಯುತ್ತಿದ್ದರು. ಆತ ಒಂದು ಅಂಚನ್ನು ಮೂಸಿ ನೋಡಿ ಮುಖ ಕಿವಿಚಿದ. ದಪ್ಪ ಚರ್ಮ. ತೆಳುವಾಗಿ ಕೆತ್ತದೆ ಉಪ್ಪು ಹಾಕಿದ್ದರಿಂದ ಒಳಗೆ ಇಳಿದಿರಲಿಲ್ಲ. ಅಂಚು ಆಗಲೇ ಕೊಳೆಯಲು ಶುರುವಾಗಿತ್ತು. ವಾಪಸ್ಸು ಕಳಿಸೋಣ ಎಂದ ಟೌಕೆ.

'ಬೇಟೆಯವರಿಗೆ ಗುಂಡು ಹೊಡೆಯೋದು ಗೊತ್ತು, ಉಪ್ಪು ಹಾಕೋದು ಗೊತ್ತಿಲ್ಲ' ಎಂದು ಪೂಜೆ ಅಂಕಲ್ ನನಗೆ ಹೇಳಿದರು. ಆಮೇಲೆ ಅಂಗೈಯನ್ನು ಆ ಚರ್ಮದ ಮೇಲಿಟ್ಟು ಬಹಳ ಹೊತ್ತು ನಿಂತರು. 'ವಾಪಸ್ ಕಳ್ಸಿದ್ರೆ ದಾರೀಲೇ ಹೋಗುತ್ತೆ. ಕೊಳೆಯೋಕೆ ಬಿಟ್ರೆ ಅದು ಸತ್ತದ್ದೂ ದಂಡ. ಮಾಡ್ತೀನಿ.'

'ಗಣಪತಿ ಪೂಜೆ ಮಾಡೋ ಕೈ ಸರ್.'

'ನಮ್ಮಪ್ಪ ದಿನಾ ಪೂಜೆ ಮಾಡ್ತಿದ್ದ ಈಶ್ವರ ಉಟ್ಕೊಂಡಿರೋದು ಏನು? ಆನೆ ಚರ್ಮ ತಾನೇ? ಅದನ್ನ ಹದ ಮಾಡ್ಕೊಟ್ಟೋರು ಯಾರು ಅಂತ ಅವರು ಒಂದು ದಿನಾನೂ ಕೇಳ್ಲಿಲ್ಲ.' ಇದನ್ನು ತಮಾಷೆಯಾಗಿಯೇ ಹೇಳಿದರು. ಆದರೆ ಅವರ ಮುಖದಲ್ಲಿ ನಗು ಇರಲಿಲ್ಲ.

ತಿಂಗಳುಗಟ್ಟಲೆ ಕೆಲಸ ನಡೆಯಿತು. ನೆನೆಸುವುದು, ಕೆತ್ತುವುದು, ಮತ್ತೆ ನೆನೆಸುವುದು, ದೊಡ್ಡ ಡ್ರಮ್ಮಿನಲ್ಲಿ ಉರುಳಿಸುವುದು. ಬೇರೆ ಚರ್ಮಗಳನ್ನು ಕೆಲಸಗಾರರಿಗೆ ಬಿಟ್ಟು ಇದನ್ನು ತಾವೇ ಮಾಡಿದರು. ನಾನು ಹೋದಾಗಲೆಲ್ಲ ಅವರ ಅಂಗೈ ಆ ಚರ್ಮದ ಮೇಲೆಯೇ ಇರುತ್ತಿತ್ತು. ಏನು ನೋಡ್ತೀರಿ ಎಂದರೆ 'ತಂಪು ನೋಡ್ತಿದ್ದೀನಿ, ಬಿಸಿಯಾದ್ರೆ ಕೊಳೆಯುತ್ತೆ' ಎನ್ನುತ್ತಿದ್ದರು.

ಅಧ್ಯಕ್ಷರಿಗೆ ನೋಡುವ ಆಸೆಯಾಯಿತು. ಬೇಡ ಸರ್, ವಾಸನೆ ಎಂದರೂ ಕೇಳಲಿಲ್ಲ. ಪೂಜೆ ಅಂಕಲ್‌ಗೆ ಮೊದಲೇ ತಿಳಿಸಿ, ಆ ಹೊತ್ತಿಗೆ ಹೊರಗೆ ಹೋಗಿರಿ ಎಂದೆ. ಹ್ಞೂಂ ಎಂದಿದ್ದರು. ಆದರೆ ನಾವು ಹೋದಾಗ ಕೆತ್ತುವ ಯಂತ್ರದ ಮುಂದೆ ನಿಂತಿದ್ದರು. ಅರ್ಧ ಕೆತ್ತಿದ ಚರ್ಮವನ್ನು ಬಿಟ್ಟುಹೋದರೆ ಹಾಳಾಗುತ್ತಿತ್ತಂತೆ.

'ಅರೆ, ನೀವು... ಜುರಾಂಗ್ ಐಲ್ಯಾಂಡ್ ಅಲ್ವಾ?'

'ಅಲ್ಲ ಸರ್. ಇಲ್ಲೇ. ಮೊದಲಿಂದಾನೂ ಇಲ್ಲೇ.'

ಅಧ್ಯಕ್ಷರು ಅವರ ಏಪ್ರನ್ನು, ಬೂಟು, ಕೈ ಎಲ್ಲವನ್ನೂ ನೋಡಿದರು. ಆಮೇಲೆ ನಕ್ಕರು. ದೊಡ್ಡ ಬ್ಯಾಂಕಿನವರಿಗೆ ಬೇಗ ನಗುವುದು ರೂಢಿ. 'ನಮ್ಮವರೇ ಮಾಡ್ತಿದ್ದೀರಿ ಅಂದ್ರೆ ಇನ್ನೂ ಒಳ್ಳೇದೇ ಆಯ್ತು ಬಿಡಿ. ಟೆನ್ಷನ್ ಇಲ್ಲ' ಎಂದರು. ಅಷ್ಟಕ್ಕೇ ಮುಗಿದಿದ್ದರೆ ಮುಚ್ಚಿಕೊಂಡು ಹೋಗುತ್ತಿತ್ತೇನೋ. ಆದರೆ ಹದ ಮಾಡುವವರಿಗೆ ಒಂದು ಅಭ್ಯಾಸವಿದೆ. ಮಾಲಿನವರು ಎದುರಿಗೆ ಬಂದರೆ ಯಾವ ತುಂಡು ಎಷ್ಟು ಒಳ್ಳೆಯದು, ಎಲ್ಲಿ ಗಾಯ, ಎಲ್ಲಿ ತೂತು ಎಂದು ಒಂದೊಂದೇ ತೋರಿಸುತ್ತಾರೆ. ಆಮೇಲೆ ನೀನೇ ಕೆಡಿಸಿದೆ ಎನ್ನಬಾರದಲ್ಲ. ಪೂಜೆ ಅಂಕಲ್ ಬೆನ್ನಿನ ತುಂಡು ತೋರಿಸಿದರು, ಕಿವಿ ತೋರಿಸಿದರು. ಆಮೇಲೆ ಇನ್ನೊಂದನ್ನು ಬಿಡಿಸಿ ಹರಡಿದರು.

'ಇದು ಎದೆ ಭಾಗ ಸರ್. ಸೋಫಾಕ್ಕೆ ಬರಲ್ಲ. ಹಾಲಿದ್ದ ಆನೆ ನೋಡಿ, ತೊಟ್ಟು ಹಿಗ್ಗಿದೆ. ಅದರ ಸುತ್ತ ಚರ್ಮ ಸಡಿಲ.'

ಹೇಳಿ ಮುಗಿಸುವಷ್ಟರಲ್ಲಿ ಏನು ಹೇಳಿದೆನೆಂದು ಅವರಿಗೇ ಗೊತ್ತಾಯಿತು. ಆನೆಗೆ ಮೊಲೆ ಇರುವುದು ಮುಂಗಾಲುಗಳ ನಡುವೆ, ಎದೆಯಲ್ಲಿ. ಎರಡೂ ನನಗೂ ಕಾಣುತ್ತಿದ್ದವು. ಸಲಗವಲ್ಲ, ತಾಯಿ. ಎಲ್ಲೋ ಹಾಲು ಕುಡಿಯುವ ಒಂದು ಮರಿಯೂ ಇದ್ದಿರಬೇಕು. ಅಧ್ಯಕ್ಷರು ಚರ್ಮವನ್ನು ನೋಡಲಿಲ್ಲ, ನನ್ನನ್ನು ನೋಡಿದರು, ಅವರನ್ನು ನೋಡಿದರು.

'ಅದನ್ನ ಬಿಸಾಕಿಬಿಡಿ' ಎಂದು ಹೊರಗೆ ನಡೆದರು.

ಅವರ ಕಾರು ಹೋದ ಮೇಲೆ ಪೂಜೆ ಅಂಕಲ್ ಕೈ ತೊಳೆದುಕೊಂಡು ಬಂದು ಕೂತರು. 'ಇದನ್ನ ಎಲ್ಲೂ ಆಡಬೇಡಮ್ಮ' ಎಂದರು. 'ಮಾಲಿನವರ ಮಾಲಿನ ವಿಷ್ಯ ಹೊರಗೆ ಹೋಗಬಾರದು. ನಮ್ಮ ಕಸುಬಿನಲ್ಲಿ ಅದೊಂದು ಮರ್ಯಾದೆ.'

'ಅವರು ನಿಮ್ಮ ಮರ್ಯಾದೆ ಉಳಿಸ್ತಾರಂತೀರಾ?'

'ಅವರು ಸುಳ್ಳು ಹೇಳಿದ್ರು. ನಾನೂ ಹೇಳಿದ್ದೆ. ಅವರದನ್ನ ಬಿಚ್ಚಿದ್ರೆ ನನ್ನದು ಮುಚ್ಚುತ್ತಾ?'

ನಾನು ಮಾತು ಕೊಟ್ಟೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ, ಸರಿ. ಆದರೆ ಈ ಕಳ್ಳ ಅಷ್ಟಕ್ಕೇ ನಿಲ್ಲುವವನಲ್ಲ, ನೋಡಿದವನ ಕಣ್ಣನ್ನೇ ಕೀಳುವವನು. ಅಧ್ಯಕ್ಷರ ಕಡೆಯಿಂದ ಕಾರ್ಖಾನೆಯ ಸುದ್ದಿ ಹರಡಿ, ಕೆಲವೇ ದಿನಗಳಲ್ಲಿ ಗುಂಪಿನಲ್ಲಿ ಒಂದು ಸಂದೇಶ ಬಂತು, ಈ ವರ್ಷದ ಪೂಜೆಯ ಬಗ್ಗೆ 'ಕೆಲವು ಸದಸ್ಯರ ಭಾವನೆಗಳನ್ನು' ಚರ್ಚಿಸಲು ಸಭೆ ಇದೆಯೆಂದು. ಪೂಜೆ ಅಂಕಲ್‌ಗೆ ಕರೆ ಇರಲಿಲ್ಲ.

ಅದೇ ಫಂಕ್ಷನ್ ರೂಮು. ಅಧ್ಯಕ್ಷರು 'ನನಗೆ ಪರ್ಸನಲಿ ಏನೂ ಪ್ರಾಬ್ಲಂ ಇಲ್ಲ. ಆದ್ರೆ ಕಮ್ಯುನಿಟಿ ಸೆಂಟಿಮೆಂಟ್ಸ್ ನೋಡ್ಬೇಕಾಗುತ್ತೆ' ಎಂದು ಕೂತುಬಿಟ್ಟರು. ಉಳಿದದ್ದನ್ನು ಬೇರೆಯವರು ನೋಡಿಕೊಂಡರು.

'ಇಷ್ಟು ವರ್ಷ ನಮಗೆ ಮೋಸ ಮಾಡಿದ್ರಲ್ಲ ರೀ. ಆ ಕೈಯಿಂದ ತೀರ್ಥ ತಗೊಂಡಿದ್ದೀವಿ' ಎಂದರು ಮಡಿಯ ಆಂಟಿ. ಹಂದಿ ಚರ್ಮದ ಚೀಲ ಅವರ ತೊಡೆಯ ಮೇಲೇ ಇತ್ತು.

'ಮೊಸಳೆ ಗಿಸಳೆ ಆದ್ರೆ ಹೋಗ್ಲಿ. ಆನೆ ಚರ್ಮ. ಗಣಪತಿ ಮುಂದೆ ಹೆಂಗೆ ಕೂರೋದು ಅವರು?'

ನನಗೆ ತಡೆಯಲಾಗಲಿಲ್ಲ. 'ಆನೆ ಹೊಡದವ್ರು ಯಾರ್ರೀ?' ಎಂದು ಕೇಳಿದೆ. ಸಿಟ್ಟು ಬಂದಾಗ ನನಗೆ ಬೆಂಗಳೂರು ಕನ್ನಡ ಮರೆತುಹೋಗುತ್ತದೆ.

'ಅದು ಬೇರೆ ವಿಷ್ಯ. ಅದಕ್ಕೆ ಗಣಹೋಮ ಮಾಡ್ಸಿದ್ರಲ್ಲ' ಎಂದರು ಆಂಟಿ.

'ಮಾಡ್ಸಿದ್ದು ಯಾರ ಕೈಯಾಗ?'

ಈಗ ಸುಮ್ಮನಾಗುತ್ತಾರೆ ಎಂದುಕೊಂಡಿದ್ದೆ. ಬೇಗ ಸುಮ್ಮನಾಗುವ ಜನವಲ್ಲ ಅದು. ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಬರೆಯುವ ಒಬ್ಬ, ತೀರ ಗಂಭೀರವಾಗಿ, 'ಪಾಯಿಂಟ್ ಇದೆ. ಹಾಗಾದ್ರೆ ಆ ಹೋಮಾನೂ ಇನ್ನೊಂದ್ಸಲ ಮಾಡಿಸ್ಬೇಕಾಗುತ್ತೆ' ಎಂದ. ಎಲ್ಲರೂ ತಲೆಯಾಡಿಸಿದರು. ಹೋಮ ಮತ್ತೆ ನಡೆಯಿತು ಕೂಡ, ಹೊರಗಿನಿಂದ ಬಂದ ಭಟ್ಟರಿಂದ. ತಾಯಿ ಆನೆಯ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹಲ್ಲು ಕಚ್ಚಿ ಕೂತೆ. ಮಾತು ಕೊಟ್ಟದ್ದು ಪೂಜೆ ಅಂಕಲ್‌ಗಲ್ಲವೇ.

ನಿರ್ಧಾರವನ್ನು ಅವರಿಗೆ ತಿಳಿಸಿದ್ದು ಫೋನಿನಲ್ಲಿ. 'ಈ ವರ್ಷ ನೀವು ರೆಸ್ಟ್ ತಗೊಳ್ಳಿ ಅಂಕಲ್' ಎಂದರಂತೆ. ಇದನ್ನು ಹೇಳುವಾಗ ಪೂಜೆ ಅಂಕಲ್ ನಕ್ಕರು. 'ನಮ್ಮಪ್ಪ ಊಟಕ್ಕೆ ಬಾ ಅಂತಾದ್ರೂ ಅಂದಿದ್ರು' ಎಂದರು.

ಇನ್ನಾದರೂ ಆ ಚರ್ಮ ಬಿಟ್ಟುಬಿಡಿ ಎಂದೆ. ಬಿಡಲಿಲ್ಲ. ಕೆಲಸ ಮುಗಿದಾಗ ಅದನ್ನು ಮುಟ್ಟಿ ನೋಡಿದೆ. ಅಷ್ಟು ಒರಟು ಚರ್ಮ ಬಟ್ಟೆಯ ಹಾಗೆ ಬಾಗುತ್ತಿತ್ತು, ಒಂದು ಸುಕ್ಕೂ ಅಳಿದಿರಲಿಲ್ಲ. ಇಂಥದ್ದನ್ನು ತನ್ನ ಜನ್ಮದಲ್ಲಿ ಕಂಡಿಲ್ಲ ಎಂದ ಟೌಕೆ. ಕಟ್ಟು ಕಟ್ಟುವಾಗ ಎದೆಯ ತುಂಡನ್ನೂ ಹದ ಮಾಡಿ ಮೇಲೆಯೇ ಇಟ್ಟಿದ್ದರು. ಬಿಸಾಕಲು ಹೇಳಿದ್ದರಲ್ಲ ಸರ್ ಎಂದೆ. 'ಅವರ ಮಾಲು. ಪೂರ್ತಿ ಕೊಡಬೇಕು' ಎಂದರು. ಅದು ಕಸುಬಿನ ನಿಯಮವೋ, ಅವರು ಜೀವನದಲ್ಲಿ ಮಾಡಿದ ಒಂದೇ ಹಟವೋ ನನಗೆ ಇಂದಿಗೂ ಗೊತ್ತಿಲ್ಲ. ನಾನೇ ತೆಗೆದುಕೊಂಡು ಹೋಗಿ ಅಧ್ಯಕ್ಷರ ಮನೆಗೆ ಮುಟ್ಟಿಸಿದೆ. ಕಟ್ಟು ಬಿಚ್ಚಿದವರು ಮೇಲಿನದನ್ನು ಕಂಡು ಮತ್ತೆ ಮುಚ್ಚಿದರು. ಸೋಫಾ ಆಮೇಲೆ ತಯಾರಾಯಿತು. ಬಂದವರೆಲ್ಲ ಅದರ ಮೇಲೆ ಕೂತು ಫೋಟೋ ತೆಗೆಸಿಕೊಂಡರು.

ಆ ವರ್ಷ ಚೌತಿಯ ಬೆಳಿಗ್ಗೆ ನಾನು ಅವರ ಮನೆಗೆ ಹೋದೆ. ಸ್ನಾನ ಮಾಡಿ, ಮಡಿಯುಟ್ಟು, ಎಲ್ಲಿಗೂ ಹೋಗುವುದಕ್ಕಿಲ್ಲದೆ ಊಟದ ಮೇಜಿನ ಮುಂದೆ ಕೂತಿದ್ದರು. ಮನೆಯಲ್ಲೇ ಪೂಜೆ ಮಾಡಿ ಸರ್ ಎಂದೆ. ಮಾಡಿದೆ ಎಂದರು. ಅವರ ಹೆಂಡತಿ, ನಮ್ಮ ಆಂಟಿ, ಮಾತ್ರ ಛಲ ಬಿಡದೆ ಕಡುಬಿನ ಡಬ್ಬಿ ಹಿಡಿದು ಕಾಂಡೋಗೆ ಹೊರಟಿದ್ದರು. ಬೇಡ ಎಂದರೂ ಕೇಳಲಿಲ್ಲ. ಮಧ್ಯಾಹ್ನ ಡಬ್ಬಿ ಹಾಗೇ ತುಂಬಿಕೊಂಡು ಮರಳಿತು. ಯಾರೂ ಬೇಡ ಅನ್ನಲಿಲ್ಲವಂತೆ, 'ಆಮೇಲೆ ತಗೋತೀವಿ ಆಂಟಿ' ಅಂದರಂತೆ. ಅಂಕಲ್ ಎದ್ದು ಹೋಗಿ ಒಂದು ಕಡುಬು ತೆಗೆದುಕೊಂಡು ಹೆಂಡತಿಯ ಎದುರಿಗೇ ನಿಂತು ತಿಂದರು. ಇನ್ನೊಂದು ತೆಗೆದುಕೊಂಡರು. 'ಚೆನ್ನಾಗಿದೆ' ಎಂದರು. ಆಂಟಿ ಅಡಿಗೆಮನೆಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮುಂದಿನ ವರ್ಷವೂ ಕರೆ ಬರಲಿಲ್ಲ. ಅಷ್ಟರಲ್ಲಿ ಅವರಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಆಸ್ಪತ್ರೆಯಲ್ಲಿ ನೋಡಲು ಹೋದರೆ ನನ್ನ ಚಪ್ಪಲಿ ನೋಡಿ, 'ಇದು ಚರ್ಮ ಅಲ್ಲ, ಮೋಸ ಹೋಗಿದ್ದೀಯ' ಎಂದರು. ನಮ್ಮವರು ಒಬ್ಬಿಬ್ಬರು ಹಣ್ಣು ಹಿಡಿದುಕೊಂಡು ಬಂದು ಹೋದರು. ಟೌಕೆ ಮಾತ್ರ ದಿನವೂ ಬಂದು, ಇಬ್ಬರಿಗೂ ಬಾರದ ಇಂಗ್ಲಿಷಿನಲ್ಲಿ ಆಂಟಿಯ ಜೊತೆ ಮಾತಾಡುತ್ತ ಕೂರುತ್ತಿದ್ದ.

ಮಂಡಾಯ್ ಚಿತಾಗಾರಕ್ಕೆ ನಾನು ಹೋದಾಗ ಕನ್ನಡಿಗರೆಲ್ಲ ಸೇರಿದ್ದರು. ಬಿಳಿ ಬಟ್ಟೆ, ತಗ್ಗಿದ ದನಿ. ಅಧ್ಯಕ್ಷರೇ ಭಟ್ಟರನ್ನು ಗೊತ್ತು ಮಾಡಿದ್ದರು, ಹೂವು ತರಿಸಿದ್ದರು, ಓಡಾಡಿ ಎಲ್ಲ ವ್ಯವಸ್ಥೆ ಮಾಡುತ್ತಿದ್ದರು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ್ದು ಹಳೆಯ ಕತೆ. ಈ ಕೋತಿ ಮೇಕೆ ಸತ್ತ ಮೇಲೆ ಬಾಯಿ ತೊಳೆಯಲೂ ಬಂದಿತ್ತು. ಆಂಟಿ ಏನನ್ನೂ ಬೇಡ ಎನ್ನಲಿಲ್ಲ. ಹೇಳಿದ ಕಡೆ ನಿಂತರು, ಹೇಳಿದ ಕಡೆ ಕೂತರು.

ಕೊನೆಗೆ ಭಟ್ಟರು, ಬಾಯಿಗೆ ಅಕ್ಕಿ ಹಾಕುವವರು ಬನ್ನಿ ಎಂದರು. ಆಂಟಿ ಮೊದಲು ಹಾಕಿದರು. ಆಮೇಲೆ ಯಾರು ಎಂದು ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು. ಆಂಟಿ ಟೌಕೆಯ ಕೈ ಹಿಡಿದು ಕರೆತಂದು, ಅಕ್ಕಿ ಕೊಟ್ಟು, ಹೇಗೆ ಹಾಕಬೇಕೆಂದು ತೋರಿಸಿದರು. ಆ ಮುದುಕ ಹಾಗೆಯೇ ಹಾಕಿದ. ಕಾರ್ಖಾನೆಯ ಕೆಲಸಗಾರರು ಹಾಕಿದರು. ನಾನು ಹಾಕಿದೆ. ಆಮೇಲೆ ನಮ್ಮವರ ಸಾಲು ನಿಧಾನವಾಗಿ ಮುಂದೆ ಬಂತು. ಸಾಲಿನ ಮೊದಲಲ್ಲಿ ಅಧ್ಯಕ್ಷರು, ಹಿಡಿಯಲ್ಲಿ ಅಕ್ಕಿ.

ಆಂಟಿ ಅಡ್ಡ ಕೈ ಚಾಚಿದರು.

'ನೀವು ಬೇಡ ಸರ್.'

'ಆಂಟಿ, ನಾನೂ ಅವರ ಮಗನ ಥರಾನೇ...'

'ಮರಿ ಇನ್ನೂ ಹಾಲು ಕುಡೀತಿತ್ತಂತೆ. ಇವರು ಹೇಳಿದ್ರು.' ದನಿ ಎತ್ತರವಿರಲಿಲ್ಲ, ಎಲ್ಲರಿಗೂ ಕೇಳಿಸಿತು. 'ತಾಯಿ ಸತ್ತ ಮೇಲೆ ಅದರ ಬಾಯಿಗೆ ಯಾರು ಏನು ಹಾಕಿದ್ರೋ ನಂಗೊತ್ತಿಲ್ಲ. ಇವರ ಬಾಯಿಗೆ ನೀವು ಹಾಕೋದು ಬೇಡ.'

ಅಂಕಲ್ ಮನೆಯಲ್ಲಿ ಹೇಳಿದ್ದರೆಂದು ನನಗೆ ತಿಳಿದದ್ದು ಆಗಲೇ. 'ಪಾಪ, ದುಃಖದಲ್ಲಿ ಏನೇನೋ ಮಾತಾಡ್ತಿದ್ದಾರೆ' ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ಯಾವ ಮರಿ, ಯಾವ ತಾಯಿ ಎಂದು ಯಾರೂ ಕೇಳಲಿಲ್ಲ. ಅಧ್ಯಕ್ಷರು ಪಕ್ಕಕ್ಕೆ ಸರಿದರು. ಭಟ್ಟರು ಮಂತ್ರ ಮುಂದುವರಿಸಿದರು, ಪೆಟ್ಟಿಗೆ ಒಳಗೆ ಸರಿಯಿತು, ಬಾಗಿಲು ಮುಚ್ಚಿತು. ಜನ ಒಬ್ಬೊಬ್ಬರಾಗಿ ಹೊರಗೆ ಹೋಗುವವರೆಗೂ ಅಧ್ಯಕ್ಷರು, ಆ ಅಕ್ಕಿಯನ್ನು ಎಲ್ಲಿ ಬಿಡಬೇಕೆಂದು ತಿಳಿಯದೆ, ಮುಷ್ಟಿ ಬಿಗಿದುಕೊಂಡು ಗೋಡೆಯ ಪಕ್ಕ ನಿಂತೇ ಇದ್ದರು.